ಮಲೆನಾಡಿನ ಏರಿಳಿತಕ್ಕೆ ಸ್ಟಾಕ್ ಜೀನು: ಕೆಲವು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆ ಕುದುರೆ ಸಾಕಿದವರು ಕಡಿಮೆ. ಜೀನಿನ ಬಗ್ಗೆ ಏನಾದರೂ ಕೇಳಬೇಕು ಅಂದ್ರೆ ಬೆಂಗಳೂರಿನ ರೈಡಿಂಗ್ ಸ್ಕೂಲಿನವರೇ ಗತಿ. ಅವರು ಹೇಳುವುದು ಮರಳು ಹಾಸಿದ ಸಮತಟ್ಟು ಅಂಗಳದ ಲೆಕ್ಕ. ನಮ್ಮ ತೋಟದ ದಾರಿ ಅಂದ್ರೆ ಒಂದೋ ಏರು, ಇಲ್ಲಾ ಇಳಿಜಾರು. ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಪಾಚಿ. ಅಂಥ ಕಡೆ ಓಡಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಆಸ್ಟ್ರೇಲಿಯನ್ ಸ್ಟಾಕ್ ಮಾದರಿಯ, ಅಂದ್ರೆ ಅಲ್ಲಿಯ ದನ ಕಾಯುವ ಸವಾರರು ಬಳಸುವ ಮಾದರಿಯ, ಸಿಂಥೆಟಿಕ್ ಜೀನು. ಕಾನ್ಪುರದಲ್ಲಿ ಮಾಡಿದ್ದು. ಅಲ್ಲಿಯ ಜೀನುಗಳು ಹೊರದೇಶಗಳಿಗೂ ಹೋಗುತ್ತವೆ, ಆದ್ದರಿಂದ ದೇಶಿ ಮಾಲು ಅಂತ ಅನುಮಾನ ಪಡಬೇಕಿಲ್ಲ. ಕುದುರೆ ಮಾರ್ವಾಡಿ ತಳಿಯದು. ಅದರ ಜೊತೆ ಬಂದ ಚರ್ಮದ ಇಂಗ್ಲಿಷ್ ಜೀನೂ ಮನೆಯಲ್ಲಿದೆ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ಮೊದಲು ಕೂರುವ ವಿಷಯ. ಸ್ಟಾಕ್ ಜೀನಿನ ಸೀಟು ಆಳ, ಹಿಂಭಾಗ ಎತ್ತರ. ತೊಡೆಯ ಮುಂದೆ ಎರಡೂ ಕಡೆ ದಪ್ಪ ಪ್ಯಾಡು ಎದ್ದು ನಿಂತಿರುತ್ತದೆ. ಕುದುರೆ ಇಳಿಜಾರಿನಲ್ಲಿ ಮುಗ್ಗರಿಸಿದಾಗ, ಪೊದೆಯಿಂದ ಕಾಡುಕೋಳಿ ಹಾರಿ ಬೆಚ್ಚಿದಾಗ ನಮ್ಮ ತೊಡೆ ಆ ಪ್ಯಾಡಿಗೆ ತಾಗಿ ನಿಲ್ಲುತ್ತದೆ. ಇಂಗ್ಲಿಷ್ ಜೀನಿನಲ್ಲಿ ಇದೇ ಕೆಲಸವನ್ನು ಮಂಡಿಯೇ ಮಾಡಬೇಕು. ಸ್ಟಾಕ್ ಜೀನಿನಲ್ಲಿ ಅರ್ಧ ದಿನ ಕೂತರೂ ಸೊಂಟ ನೋಯುವುದಿಲ್ಲ. ಆದರೆ ಪ್ಯಾಡು ತೀರಾ ಹತ್ತಿರ ಇದ್ದರೆ ಇಳಿಯುವಾಗ ತೊಡೆ ಸಿಕ್ಕಿಕೊಳ್ಳುತ್ತದೆ. ತೊಡೆಗೂ ಪ್ಯಾಡಿಗೂ ನಡುವೆ ಎರಡು ಬೆರಳು ಜಾಗ ಇರಲಿ.

ಈಗ ಅಸಲು ವಿಷಯ. ನಮಗೆ ಮೆತ್ತಗಿದ್ದರೆ ಸಾಲದು, ಕುದುರೆಯ ಬೆನ್ನಿಗೆ ಹೊಂದಬೇಕು. ಅಂಗಡಿಯವರು ಸುಮ್ನೆ ‘ಮೀಡಿಯಂ ಎಲ್ಲಕ್ಕೂ ಆಗುತ್ತೆ’ ಅಂತಾರೆ. ನಂಬಬೇಡಿ. ನಮ್ಮ ಕುದುರೆಯ ಬೆನ್ನು ಕಿರಿದು, ಹೆಗಲಿನ ಏರು ಎತ್ತರ. ಅಗಲದ ಜೀನು ಹಾಕಿದರೆ ಮುಂಭಾಗ ಕುಸಿದು ಆ ಏರಿನ ಮೇಲೇ ಕೂರುತ್ತದೆ. ನೋಡುವ ಕ್ರಮ ಹೀಗೆ: ಕೆಳಗೆ ಬಟ್ಟೆ ಹಾಸದೆ ಬರೀ ಜೀನನ್ನು ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿ. ತಾನಾಗಿ ಕೂರುವ ಒಂದು ಜಾಗ ಸಿಗುತ್ತದೆ. ಹೆಗಲಿನ ಏರಿನ ಮೇಲೆ ಎರಡು ಮೂರು ಬೆರಳು ಹೋಗಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನುಮೂಳೆಯ ಉದ್ದಕ್ಕೂ ಬೆಳಕು ಕಾಣಬೇಕು. ಜೀನು ಕೊನೆಯ ಪಕ್ಕೆಲುಬು ದಾಟಬಾರದು. ಆಮೇಲೆ ಅಂಗೈಯನ್ನು ಅಡಿಗೆ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ನಡುವೆ ಕೈ ಸಡಿಲವಾದರೆ ಜೀನು ಹಳ್ಳದ ಮೇಲಿನ ಕಾಲುಸಂಕದ ಹಾಗೆ ಎರಡು ತುದಿಯಲ್ಲಿ ಮಾತ್ರ ನಿಂತಿದೆ ಅಂತ ಅರ್ಥ. ಭಾರವೆಲ್ಲ ಆ ಎರಡು ಕಡೆಗೇ.

ಸವಾರಿ ಮುಗಿಸಿ ಜೀನು ತೆಗೆದ ತಕ್ಷಣ ಬೆವರಿನ ಗುರುತು ನೋಡಿ. ಒಂದೇ ಸಮ ಒದ್ದೆಯಾಗಿದ್ದರೆ ಸರಿ. ಸುತ್ತ ಬೆವರಿದ್ದು ಮಧ್ಯೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತುತ್ತಿರಬಹುದು. ಒತ್ತಡ ಹೀಗೇ ಮುಂದುವರಿದರೆ ಆ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ, ಮತ್ತೆ ಸಾಮಾನ್ಯವಾಗಿ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕುದುರೆ ಕೊಳ್ಳುವಾಗ ಹೆಗಲಿನ ಹತ್ತಿರ ಇದನ್ನೇ ಹುಡುಕಿ. ಹಳೇ ಯಜಮಾನರ ಜೀನಿನ ಕತೆ ಗೊತ್ತಾಗುತ್ತದೆ!

ಸೀಟು ಎಷ್ಟು ಆಳ ಇದ್ದರೇನು, ಜೀನೇ ಜಾರಿದರೆ ನಾವೂ ಹೋದೆವು ಅಲ್ವಾ? ಏರಿನಲ್ಲಿ ಜೀನು ಹಿಂದಕ್ಕೆ ಹೋಗುತ್ತದೆ, ಎದೆಪಟ್ಟಿ ಬೇಕು. ಇಳಿಜಾರಿನಲ್ಲಿ ಮುಂದಕ್ಕೆ ಬರುತ್ತದೆ, ಬಾಲದ ಬುಡಕ್ಕೆ ಸುತ್ತುವ ಪಟ್ಟಿ ಬೇಕು. ಎರಡನ್ನೂ ಕಟ್ಟಲು ಈ ಜೀನಿನಲ್ಲಿ ಕೊಂಡಿಗಳಿವೆ. ಇಂಗ್ಲಿಷ್ ಜೀನಿನಲ್ಲಿ ಬಾಲಪಟ್ಟಿಯ ಕೊಂಡಿ ಹುಡುಕಿ ಕೊಳ್ಳಬೇಕು, ಎಲ್ಲದರಲ್ಲೂ ಇರುವುದಿಲ್ಲ. ಬಾಲಪಟ್ಟಿಯನ್ನು ಮೊದಲು ಮನೆ ಅಂಗಳದಲ್ಲಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಒದೆತ ಗ್ಯಾರಂಟಿ. ಹೊಟ್ಟೆಪಟ್ಟಿ ಕಟ್ಟುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ಸ್ವಲ್ಪ ದೂರ ನಡೆಸಿ ಮತ್ತೊಂದು ತೂತು ಬಿಗಿ ಮಾಡಿ.

ಪಾದ ಇಡುವ ರಿಕಾಪಿನ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಮಳೆಗಾಲಕ್ಕೆ ಎಲ್ಲರ ಕಾಲಲ್ಲೂ ಗಂಬೂಟು. ಅದರ ಅಡಿ ಅಗಲ, ಮಾಮೂಲಿ ರಿಕಾಪಿನಲ್ಲಿ ಕಚ್ಚಿಕೊಳ್ಳುತ್ತದೆ. ಬಿದ್ದಾಗ ಕಾಲು ಬಿಡಿಸಿಕೊಳ್ಳದಿದ್ದರೆ ಕುದುರೆ ಎಳೆದುಕೊಂಡೇ ಹೋಗುತ್ತದೆ. ಬೂಟಿಗಿಂತ ಒಂದು ಇಂಚು ಅಗಲದ, ಮುಂದೆ ಪಂಜರ ಇರುವ ರಿಕಾಪು ಹಾಕಿಸಿ. ಪಾದ ಒಳಕ್ಕೆ ನುಗ್ಗುವುದಿಲ್ಲ.

ಮಳೆಯಲ್ಲಿ ಸಿಂಥೆಟಿಕ್ ಗೆಲ್ಲುತ್ತದೆ, ಎರಡು ಮಾತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಚರ್ಮದ ಜೀನಿಗೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಹಾಗಂತ ಬಚ್ಚಲ ಒಲೆ ಹತ್ತಿರ ಒಣಗಿಸಿದರೆ ಚರ್ಮ ಬಿರಿಯುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಿ, ಸೋಪು ಹಾಕಿ ಒರೆಸಿ, ಎಣ್ಣೆ ಹಚ್ಚಬೇಕು. ಸಿಂಥೆಟಿಕ್ ಜೀನಿಗೆ ಒಂದು ಚೊಂಬು ನೀರು, ಒಂದು ಬ್ರಷ್ ಸಾಕು. ಹೊಲಿಗೆ ಇನ್ನೂ ಬಿಟ್ಟಿಲ್ಲ.

ಬೇಸರಗಳೂ ಇವೆ. ಬಕಲ್ಲುಗಳು ಸ್ಟೀಲ್ ಅಂತ ಹೇಳಿ ಕೊಟ್ಟಿದ್ದರು, ಮೊದಲ ಮಳೆಗಾಲಕ್ಕೇ ತುಕ್ಕು ಬಂತು. ಅಂಗಡಿಯವರು ಫೋನೇ ಎತ್ತಲಿಲ್ಲ. ಶಿವಮೊಗ್ಗದಲ್ಲಿ ಬದಲಾಯಿಸಿಕೊಂಡೆ. ಅಡಿಯ ವೆಲ್ಕ್ರೋಗೆ ಅಂಟುಪುರಲೆ ಬೀಜ ಹತ್ತಿದರೆ ಕೂತು ಒಂದೊಂದೇ ಕೀಳಬೇಕು, ಬಿಟ್ಟರೆ ಕುದುರೆಗೆ ಚುಚ್ಚುತ್ತದೆ. ಬೇಸಿಗೆಯಲ್ಲಿ ಬೆನ್ನು ಜಾಸ್ತಿ ಬೆವರುತ್ತದೆ. ಅದಕ್ಕೇ ಏಪ್ರಿಲ್–ಮೇನಲ್ಲಿ ಶರಾವತಿ ಹಿನ್ನೀರು ಇಳಿದ ಬಯಲಿಗೆ ಹೋಗುವಾಗ ನಾನು ಚರ್ಮದ ಜೀನನ್ನೇ ಹಾಕುವುದು. ಅಂಥ ಸಮತಟ್ಟು ಜಾಗದಲ್ಲಷ್ಟೇ ಸವಾರಿ ಮಾಡುವವರು ಸ್ಟಾಕ್ ಜೀನಿಗೆ ದುಡ್ಡು ಹಾಕುವುದು ಬೇಡ.

ಕೊಳ್ಳುವವರು ಜೊತೆಗೆ ಬರುವ ನೈಲಾನ್ ಹೊಟ್ಟೆಪಟ್ಟಿಯನ್ನು ಪಕ್ಕಕ್ಕಿಟ್ಟು ಹತ್ತಿ ದಾರದ್ದೋ ಮೊಹೇರ್ (ಅಂಗೋರಾ ಮೇಕೆಯ ಕೂದಲು) ದಾರದ್ದೋ ಒಂದು ತರಿಸಿಕೊಳ್ಳಿ. ಒದ್ದೆ ನೈಲಾನ್ ಮುಂಗಾಲಿನ ಹಿಂದೆ ಉಜ್ಜಿ ಚರ್ಮ ಕಿತ್ತು ಬರುತ್ತದೆ. ವಾಪಸ್ ಮಾಡುವ ಅವಕಾಶ ಕೊಡದ ಅಂಗಡಿಯಲ್ಲಿ ಜೀನು ಕೊಳ್ಳಲೇಬೇಡಿ. ಕುದುರೆ ಮೇಲೆ ಇಟ್ಟು ನೋಡುವವರೆಗೆ ಅಳತೆ ಗೊತ್ತಾಗುವುದಿಲ್ಲ.