ಶಾಲೆಯ ಖಾಲಿ ಕೊಠಡಿಗಳಲ್ಲಿ ಹಿರಿಯರ ಹಗಲು ಆರೈಕೆ: ಸೇವೆ ಹೇಗಿದೆ?

ಮಕ್ಕಳ ಸಂಖ್ಯೆ ಇಳಿದದ್ದರಿಂದ ಬೀಗ ಬಿದ್ದಿದ್ದ ಶಾಲಾ ಕೊಠಡಿಗಳಲ್ಲಿ ನಡೆಯುತ್ತಿರುವ ಹಿರಿಯರ ಹಗಲು ಆರೈಕೆ ಕೇಂದ್ರಕ್ಕೆ ನಮ್ಮ ತಂದೆಯವರು ಹೋಗಿಬರುತ್ತಿದ್ದಾರೆ. ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಪ್ರಾಥಮಿಕ ಶಾಲೆ ಎಂದಿನಂತೆ ನಡೆಯುತ್ತಿದೆ. ಈ ಸೇವೆಯ ಬಗ್ಗೆ ನನಗೆ ಒಟ್ಟಾರೆ ಸಮಾಧಾನವಿದೆ. ಆದರೆ ಅದರ ಶ್ರೇಯಸ್ಸು ಕಟ್ಟಡಕ್ಕಿಂತ ಹೆಚ್ಚಾಗಿ ಮಕ್ಕಳನ್ನೂ ಹಿರಿಯರನ್ನೂ ಜೊತೆಗೂಡಿಸುವುದನ್ನೇ ಪೂರ್ಣಾವಧಿ ಕೆಲಸವಾಗಿ ಮಾಡುವ ಸಂಯೋಜಕಿಗೆ ಸಲ್ಲಬೇಕು.

ನೆಲಮಹಡಿಯ ಕೊಠಡಿಗಳು, ಅಗಲವಾದ ಮೊಗಸಾಲೆ, ದೊಡ್ಡ ಕಿಟಕಿಗಳು, ನೆರಳಿರುವ ಅಂಗಳ, ಇವೆಲ್ಲ ಶಾಲಾ ಕಟ್ಟಡದಲ್ಲಿ ತಾವಾಗಿಯೇ ಸಿಗುವ ಅನುಕೂಲಗಳು. ಮಕ್ಕಳ ಎತ್ತರಕ್ಕೆ ಅಳವಡಿಸಿದ್ದ ಶೌಚಾಲಯಗಳನ್ನು ಮಾತ್ರ ಸಂಪೂರ್ಣವಾಗಿ ಹೊಸದಾಗಿ ಕಟ್ಟಿ, ಎತ್ತರದ ಕಮೋಡು ಮತ್ತು ಹಿಡಿಕಂಬಿಗಳನ್ನು ಹಾಕಿಸಿದ್ದಾರೆ. ಬಾಗಿಲ ಹೊಸ್ತಿಲುಗಳನ್ನು ತೆಗೆಸಿ, ಮೆಟ್ಟಿಲಿನ ಪಕ್ಕದಲ್ಲಿ ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಿದ್ದಾರೆ. ಬೆಂಚುಗಳ ಬದಲಿಗೆ ಕೈಯೂರಿ ಏಳಲು ಬರುವ ತೋಳುಕುರ್ಚಿಗಳಿವೆ. ಸರಿಪಡಿಸದೆ ಬಿಟ್ಟಿರುವುದು ಕೊಠಡಿಗಳ ಪ್ರತಿಧ್ವನಿಯನ್ನು. ಗಟ್ಟಿ ಗೋಡೆ, ಗಟ್ಟಿ ನೆಲ, ಎತ್ತರದ ಸೂರುಗಳ ನಡುವೆ ಹತ್ತು ಮಂದಿ ಒಟ್ಟಿಗೆ ಮಾತನಾಡಿದರೆ, ಶ್ರವಣ ಸಾಧನ ಹಾಕಿಕೊಂಡವರಿಗೆ ಎದುರು ಕುಳಿತವರ ಮಾತೂ ಗದ್ದಲದಲ್ಲಿ ಕಲಸಿಹೋಗುತ್ತದೆ. ದಪ್ಪ ಪರದೆ ಮತ್ತು ಸೂರಿಗೆ ಶಬ್ದ ಹೀರುವ ಹಲಗೆ ಹಾಕಿಸಿದ್ದರೆ ಈ ತೊಂದರೆ ಬಹುಪಾಲು ತಗ್ಗುತ್ತಿತ್ತು.

ಖಾಲಿ ಶಾಲೆಗಳನ್ನು ಹೀಗೆ ಬಳಸುವುದು ಹೊಸ ಯೋಚನೆಯೇನಲ್ಲ. ಜಪಾನಿನ ಶಿಕ್ಷಣ ಸಚಿವಾಲಯವು ಮುಚ್ಚಿದ ಶಾಲೆಗಳನ್ನೂ ಅವುಗಳನ್ನು ಬಳಸಲು ಮುಂದೆ ಬರುವವರನ್ನೂ ಜೋಡಿಸುವ ಯೋಜನೆಯನ್ನು 2010ರಲ್ಲೇ ಆರಂಭಿಸಿತು. ಅಮೆರಿಕದ ಸಿಯಾಟಲ್‌ನಲ್ಲಿ 1991ರಿಂದ ನಡೆಯುತ್ತಿರುವ ವ್ಯವಸ್ಥೆ ಇದಕ್ಕೆ ತಿರುವುಮುರುವಾದದ್ದು. ಅಲ್ಲಿ ಶಿಶುವಿಹಾರವೇ ವೃದ್ಧಾಶ್ರಮದೊಳಗಿದೆ. ಈ ವ್ಯತ್ಯಾಸ ಸಣ್ಣದಲ್ಲವೆಂದು ನನಗನ್ನಿಸುತ್ತದೆ. ವೃದ್ಧಾಶ್ರಮಕ್ಕೆ ಬರುವ ಮಗುವಿಗೆ ಹಿರಿಯರೇ ಮನೆಯವರು, ಶಾಲೆಗೆ ಬರುವ ಹಿರಿಯರಾದರೋ ಅಲ್ಲಿ ಅತಿಥಿಗಳು. ಮಾಡಲು ಒಂದು ಕೆಲಸವನ್ನು ವಹಿಸದಿದ್ದರೆ ಅವರು ಅತಿಥಿಗಳಾಗಿಯೇ ಉಳಿದು, ಮಕ್ಕಳ ಹಾಡು-ಕುಣಿತ ನೋಡಿ ಚಪ್ಪಾಳೆ ತಟ್ಟುವುದಕ್ಕಷ್ಟೇ ಸೀಮಿತರಾಗುತ್ತಾರೆ.

ಈ ಕೇಂದ್ರ ನನಗೆ ಮೆಚ್ಚುಗೆಯಾದದ್ದು ಇಲ್ಲಿಯೇ. ನಮ್ಮ ತಂದೆಯವರಿಗೆ ಕೈ ನಡುಗುವುದರಿಂದ ಬರೆಯಲಾಗದು, ಆದರೆ ಓದಿನಲ್ಲಿ ಹಿಂದುಳಿದ ಮಕ್ಕಳು ಗಟ್ಟಿಯಾಗಿ ಓದುವುದನ್ನು ತಾಳ್ಮೆಯಿಂದ ಕೇಳಿ ತಿದ್ದಬಲ್ಲರು. ಆ ಕೆಲಸವನ್ನೇ ಅವರಿಗೆ ವಹಿಸಿದ್ದಾರೆ. ಅಮೆರಿಕದ ಎಕ್ಸ್‌ಪೀರಿಯೆನ್ಸ್ ಕೋರ್ ಯೋಜನೆಯಲ್ಲಿ ಹಿರಿಯ ಸ್ವಯಂಸೇವಕರು ವಾರಕ್ಕೆ ಸುಮಾರು 15 ಗಂಟೆ ಪ್ರಾಥಮಿಕ ಶಾಲೆಗಳಲ್ಲಿ ದುಡಿಯುತ್ತಿದ್ದರು. ಆರೈಕೆಯಲ್ಲಿರುವವರಿಂದ ಅಷ್ಟು ಹೊತ್ತು ದುಡಿಯಲು ಸಾಧ್ಯವಿಲ್ಲವಾದರೂ, ಹಿರಿಯರು ನೆರವು ಪಡೆಯುವವರಷ್ಟೇ ಅಲ್ಲ, ನೆರವು ನೀಡುವವರೂ ಹೌದು ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ. ಮರೆವಿನ ಕಾಯಿಲೆ ಇರುವವರ ಬಳಿಗೆ ವಾರವಾರವೂ ಅದೇ ನಾಲ್ಕೈದು ಮಕ್ಕಳನ್ನು, ಅದೇ ಹೊತ್ತಿಗೆ, ಅರ್ಧ ಗಂಟೆಯಷ್ಟೇ ಕಳುಹಿಸುತ್ತಾರೆ. ಒಂದೇ ಪ್ರಶ್ನೆಯನ್ನು ಅಜ್ಜಿ ಮತ್ತೆ ಮತ್ತೆ ಕೇಳಿದರೆ ನಗದೆ ಉತ್ತರಿಸಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಇಂದು ಮಕ್ಕಳ ಸಹವಾಸ ಬೇಡವೆಂದವರಿಗೆ ಬಾಗಿಲು ಮುಚ್ಚಿಕೊಂಡು ಕೂರಲು ಪ್ರತ್ಯೇಕ ಕೊಠಡಿಯಿದೆ, ಮತ್ತು ಯಾರೂ ಬಂದು ಬಲವಂತಪಡಿಸುವುದಿಲ್ಲ. ಮುದುಕರೆಲ್ಲರಿಗೂ ಮಕ್ಕಳೆಂದರೆ ಪ್ರಾಣ ಎಂದು ಭಾವಿಸುವ ಕೇಂದ್ರಗಳಿಗಿಂತ ಇದು ಎಷ್ಟೋ ಮೇಲು.

ಸುರಕ್ಷತೆಯ ವಿಷಯದಲ್ಲಿ ದೂರುವಂಥದ್ದು ಹೆಚ್ಚಿಲ್ಲ: ಪ್ರತ್ಯೇಕ ಗೇಟು, ಭೇಟಿಗಾರರ ದಾಖಲೆ, ಬೀಗವಿರುವ ಔಷಧಿ ಕಪಾಟು ಎಲ್ಲವೂ ಇವೆ. ಆದರೆ ಶಾಲೆಯಲ್ಲಿ ನೆಗಡಿ-ಜ್ವರ ಹರಡಿದಾಗ ಜಂಟಿ ಚಟುವಟಿಕೆಯನ್ನು ಯಾವಾಗ ನಿಲ್ಲಿಸಬೇಕೆಂಬ ಲಿಖಿತ ನಿಯಮವಿಲ್ಲ. ಮಗುವಿಗೆ ಎರಡು ದಿನದಲ್ಲಿ ವಾಸಿಯಾಗುವ ಜ್ವರ ಎಂಬತ್ತು ದಾಟಿದವರನ್ನು ಆಸ್ಪತ್ರೆಗೆ ಸೇರಿಸಬಹುದಾದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲಾಗದು.

ನಮಗೆ ಹೆಚ್ಚು ತೊಂದರೆ ಕೊಟ್ಟದ್ದು ರಜೆಗಳು. ಶಾಲೆಗೆ ದೀರ್ಘ ರಜೆ ಬಂದಾಗ ಕೇಂದ್ರವು ತೆರೆದಿರುತ್ತದಾದರೂ, ಮಕ್ಕಳಿಲ್ಲದ ಆ ವಾರಗಳಲ್ಲಿ ಟಿ.ವಿ. ಬಿಟ್ಟರೆ ಬೇರೆ ಕಾರ್ಯಕ್ರಮವೇ ಇರುವುದಿಲ್ಲ. ಸಂಯೋಜಕಿಯೂ ಅದೇ ಸಮಯದಲ್ಲಿ ರಜೆಯ ಮೇಲೆ ಹೋಗುತ್ತಾರೆ. ಅವರ ಜಾಗಕ್ಕೆ ಬದಲಿ ಯಾರೂ ಬರುವುದಿಲ್ಲ.

ಊರುಗೋಲು ಹಿಡಿದಾದರೂ ಓಡಾಡುವ, ಸ್ವಲ್ಪ ಸದ್ದುಗದ್ದಲ ಸಹಿಸುವ ಹಿರಿಯರಿಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಹಾಸಿಗೆ ಹಿಡಿದವರಿಗೆ ಅಥವಾ ನಿರಂತರ ಶುಶ್ರೂಷೆ ಬೇಕಾದವರಿಗೆ ಇಲ್ಲಿನ ಸಿಬ್ಬಂದಿ ಸಾಲುವುದಿಲ್ಲ. ಸೇರಿಸುವ ಮುನ್ನ, ಮಕ್ಕಳು ಬರುವ ಹೊತ್ತಿನಲ್ಲಿ ಒಮ್ಮೆ, ಅವರಿಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಿ ನೋಡಿ, ರಜೆ ದಿನಗಳ ವೇಳಾಪಟ್ಟಿಯನ್ನು ಬರಹದಲ್ಲೇ ಕೇಳಿ ಪಡೆಯುವುದು ಒಳ್ಳೆಯದು.