ವೈಟ್ ಲೋಟಸ್: ಹವಾಯಿಯಿಂದ ಶುರು ಮಾಡಬೇಕಾ, ಸಿಸಿಲಿಯಿಂದಲಾ, ಥಾಯ್ಲೆಂಡಿನಿಂದಲಾ?

ಅಮೆರಿಕದ ‘ದಿ ವೈಟ್ ಲೋಟಸ್’ ಧಾರಾವಾಹಿ ನೋಡಿ ಅಂತ ಯಾರಿಗೆ ಹೇಳಿದರೂ ತಿರುಗಿ ಕೇಳುವುದು ಒಂದೇ: ಯಾವ ಸೀಸನ್‌ನಿಂದ ಶುರು ಮಾಡಲಿ? ಕೇಳುವುದು ಸರಿಯೇ. ಇದುವರೆಗೆ ನಾನು ನೋಡಿರುವ ಮೂರೂ ಸೀಸನ್‌ಗಳಲ್ಲಿ ಊರು ಬೇರೆ, ಕಥೆ ಬೇರೆ, ಪಾತ್ರಗಳೂ ಬಹುತೇಕ ಬೇರೆ. ರೆಸಾರ್ಟಿನ ಹೆಸರು ಮಾತ್ರ ಒಂದೇ. ದುಡ್ಡಿರುವವರು ರಜೆಗೆ ಬಂದಿಳಿಯುತ್ತಾರೆ, ಒಂದು ವಾರ ಇರುತ್ತಾರೆ, ಅಷ್ಟರಲ್ಲಿ ಹೆಣ ಬೀಳುತ್ತದೆ. ಅದು ಮೊದಲ ಎಪಿಸೋಡ್‌ನಲ್ಲೇ ಗೊತ್ತಾಗುತ್ತದೆ. ಯಾರ ಹೆಣ ಅಂತ ತಿಳಿಯಲು ಕೊನೆಯವರೆಗೆ ಕಾಯಬೇಕು. ಪ್ರತಿ ಎಪಿಸೋಡನ್ನೂ ಬರೆದು ನಿರ್ದೇಶಿಸಿದವರು ಮೈಕ್ ವೈಟ್ ಒಬ್ಬರೇ.

ಶ್ರೀಮಂತರನ್ನು ಗೇಲಿ ಮಾಡುವುದು ಸುಲಭ. ಅವರ ಖಯಾಲಿಗೆ ಬೆಲೆ ತೆರುವವರು ಯಾರು ಅಂತ ತೋರಿಸಿದಾಗಲೇ ಈ ಧಾರಾವಾಹಿಗೆ ಹಲ್ಲು ಮೂಡುವುದು. ಹಾಗಾಗಿ ರಿಸೆಪ್ಶನ್ ಕೌಂಟರ್‌ನ ಆಚೆ ನಿಂತವರಿಗೆ ಎಷ್ಟು ಜಾಗ ಸಿಕ್ಕಿದೆ ಅನ್ನುವುದನ್ನೇ ನಾನು ನೋಡಿದ್ದು.

ಆ ಲೆಕ್ಕದಲ್ಲಿ ಹವಾಯಿಯ ಮೊದಲ ಸೀಸನ್‌ಗೆ (2021, 6 ಎಪಿಸೋಡ್) ಸಾಟಿ ಇಲ್ಲ. ಜಗಳ ಶುರುವಾಗುವುದು ಒಂದು ರೂಮಿಗೆ. ಹನಿಮೂನ್‌ಗೆ ಬಂದ ಶೇನ್‌ಗೆ ಬುಕ್ ಮಾಡಿದ್ದ ಪೈನಾಪಲ್ ಸೂಟ್ ಸಿಕ್ಕಿಲ್ಲ. ಸಿಕ್ಕ ರೂಮೂ ಅರಮನೆಯ ಹಾಗಿದೆ, ಹೊಸ ಹೆಂಡತಿ ‘ಇದೇ ಚೆನ್ನಾಗಿದೆ ಬಿಡು’ ಅನ್ನುತ್ತಾಳೆ. ಅವನು ಬಿಡಬೇಕಲ್ಲ! ದಿನಾ ಬಂದು ಕೌಂಟರ್ ಮುಂದೆ ನಿಲ್ಲುತ್ತಾನೆ. ಮ್ಯಾನೇಜರ್ ಆರ್ಮಂಡ್ ನಗುನಗುತ್ತಲೇ ಸುಳ್ಳು ಹೇಳುತ್ತಾನೆ. ಆ ನಗು ದಿನದಿಂದ ದಿನಕ್ಕೆ ಹೇಗೆ ಬಿರುಕು ಬಿಡುತ್ತದೆ ಅಂತ ಆ ಪಾತ್ರ ಮಾಡಿದ ಮರ‍್ರೇ ಬಾರ್ಟ್ಲೆಟ್ ಮುಖದಲ್ಲಿ ನೋಡಬೇಕು. ಇನ್ನೊಂದು ಕಡೆ ಸ್ಪಾದ ಬೆಲಿಂಡಾ. ತಾಯಿಯ ಅಸ್ಥಿ ಹಿಡಿದು ಬಂದ ಟಾನ್ಯಾ (ಜೆನಿಫರ್ ಕೂಲಿಡ್ಜ್) ‘ನಿನಗೊಂದು ಸ್ವಂತ ಸ್ಪಾ ಹಾಕಿಕೊಡ್ತೀನಿ’ ಅಂತ ಅವಳಿಗೆ ಆಸೆ ಹುಟ್ಟಿಸುತ್ತಾಳೆ. ಬೆಲಿಂಡಾ ರಾತ್ರಿ ಕೂತು ಪ್ಲಾನ್ ಬರೆಯುತ್ತಾಳೆ. ಮುಂದಿನದ್ದನ್ನು ನೀವೇ ನೋಡಿ, ನನಗಂತೂ ಯಾವ ಕೊಲೆಗಿಂತಲೂ ಇದೇ ಜಾಸ್ತಿ ನೋವು ಕೊಟ್ಟಿತು. ಹೋಟೆಲ್ ಎದ್ದಿರುವ ಜಾಗ ನಮ್ಮ ಮನೆತನದ್ದು ಅನ್ನುವ ಹುಡುಗ ಅದೇ ಜಾಗದಲ್ಲಿ ಅತಿಥಿಗಳ ಊಟದ ಹೊತ್ತಿಗೆ ಕುಣಿಯುವ ದೃಶ್ಯವೂ ಹಾಗೇ, ಮರೆಯುವುದಿಲ್ಲ. ಕೋವಿಡ್ ನಡುವೆ ಮಾವಿ ದ್ವೀಪದ ರೆಸಾರ್ಟಿನೊಳಗೇ ಚಿತ್ರೀಕರಿಸಿದ್ದರಿಂದ ಕಥೆ ಹೊರಗೆ ಹೋಗುವುದೇ ಕಡಿಮೆ. ಆ ಉಸಿರುಗಟ್ಟುವಿಕೆ ಕಥೆಗೆ ಒದಗಿಬಂದಿದೆ.

ಮಜಾ ಬೇಕು ಅಂದರೆ ಇಟಲಿಯ ಸಿಸಿಲಿ (2022, 7 ಎಪಿಸೋಡ್). ತಾವೊರ್ಮಿನಾದ ಸಮುದ್ರ, ದೂರದಲ್ಲಿ ಎಟ್ನಾ ಜ್ವಾಲಾಮುಖಿ, ಎಲ್ಲೆಡೆ ಕತ್ತರಿಸಿದ ತಲೆಯ ಆಕಾರದ ಪಿಂಗಾಣಿ ಕುಂಡಗಳು. ಮೋಸ ಮಾಡಿದ ಪ್ರೇಮಿಯ ತಲೆ ಕಡಿದು ಹುಡುಗಿಯೊಬ್ಬಳು ಗಿಡ ನೆಟ್ಟಳು ಅನ್ನುವುದು ಅಲ್ಲಿನ ಕಥೆ. ಈ ಸೀಸನ್‌ನ ವಿಷಯವೂ ಅದೇ, ಗಂಡ ಹೆಂಡಿರ ನಡುವಿನ ಅನುಮಾನ. ಇಲ್ಲಿ ಕೆಲಸದವರಿಗಿಂತ ಊರಿನ ಇಬ್ಬರು ಹುಡುಗಿಯರು, ಲೂಸಿಯಾ ಮತ್ತು ಮಿಯಾ, ಆಟ ಆಡಿಸುತ್ತಾರೆ. ಲಾಬಿಯಿಂದ ಓಡಿಸಿದಷ್ಟೂ ಒಳಗೆ ಬರುತ್ತಾರೆ. ಕೊನೆಯ ಎಪಿಸೋಡ್‌ನಲ್ಲಿ ಬೀಚ್‌ನಲ್ಲಿ ಕೂತ ಡಾಫ್ನಿ, ಗಂಡನ ಜೊತೆ ರಜೆಗೆ ಬಂದವಳು (ಮೆಗನ್ ಫೇಹಿ), ಒಂದು ಕೆಟ್ಟ ಸುದ್ದಿ ಕೇಳುತ್ತಾಳೆ. ಕೆಲವು ಕ್ಷಣ ಮಾತಿಲ್ಲ, ಮುಖದಲ್ಲಿ ಏನೇನೋ ಹಾದುಹೋಗುತ್ತದೆ, ಆಮೇಲೆ ನಗುತ್ತಾಳೆ. ಮೆಗನ್ ಫೇಹಿಯ ಅಷ್ಟೇ ಭಾಗವನ್ನು ನಾನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ.

ನನ್ನ ತಂಗಿ ನೇರವಾಗಿ ಇದರಿಂದಲೇ ಶುರು ಮಾಡಿದಳು. ಕಥೆ ಎಲ್ಲೂ ತಪ್ಪಲಿಲ್ಲ. ಆದರೆ ಇಲ್ಲೂ ಬರುವ ಟಾನ್ಯಾ ಅವಳಿಗೆ ಬರೀ ತಮಾಷೆಯ ಹೆಂಗಸು. ಹವಾಯಿಯಲ್ಲಿ ಅವಳು ಮಾಡಿದ್ದನ್ನು ನೋಡಿದವರಿಗೆ ಅಷ್ಟು ಸಲೀಸಾಗಿ ಅಯ್ಯೋ ಪಾಪ ಅನಿಸುವುದಿಲ್ಲ.

ಥಾಯ್ಲೆಂಡ್ (2025, 8 ಎಪಿಸೋಡ್) ಎಳೆದಾಡಿದ ಸೀಸನ್. ರೆಸಾರ್ಟ್‌ನಲ್ಲಿ ಫೋನ್ ಒಪ್ಪಿಸಿ ಧ್ಯಾನ ಮಾಡಬೇಕು, ಇತ್ತ ಒಬ್ಬ ಅಪ್ಪ ಆಫೀಸಿನ ಹಗರಣ ಮನೆಯವರಿಗೆ ತಿಳಿಯಬಾರದು ಅಂತ ಹೆಂಡತಿಯ ಮಾತ್ರೆ ಕದ್ದು ನುಂಗುತ್ತಾನೆ. ಮೊದಮೊದಲು ನಗು ಬರುತ್ತದೆ, ನಾಲ್ಕು ಎಪಿಸೋಡ್ ಅದೇ ನಡೆದಾಗ ಸಾಕಾಗುತ್ತದೆ. ಸೆಕ್ಯುರಿಟಿ ಗಾರ್ಡ್ ಗೈಟೋಕ್‌ಗೆ ಸಮಯ ಬೇಕಾದಷ್ಟಿದೆ, ಆದರೆ ಆರ್ಮಂಡ್‌ಗಿದ್ದ ಒಳಗಿನ ಕುದಿ ಇಲ್ಲ. ಚೆನ್ನಾಗಿರುವುದು ಮೂವರು ಹಳೆಯ ಗೆಳತಿಯರ ಭಾಗ. ಒಬ್ಬಳು ಎದ್ದು ಮಲಗಲು ಹೋದರೆ ಸಾಕು, ಉಳಿದಿಬ್ಬರು ಅವಳ ಬಗ್ಗೆ ಶುರು. ಮರುದಿನ ಜೋಡಿ ಬದಲು. ಇದನ್ನು ನಾವೆಲ್ಲ ನೋಡಿದ್ದೀವಿ, ಅಲ್ವಾ? ಬೆಲಿಂಡಾ ಇಲ್ಲಿ ಮತ್ತೆ ಬರುತ್ತಾಳೆ. ಅವಳ ಕಥೆಯ ಕೊನೆ ಚುಚ್ಚಬೇಕಾದರೆ ಹವಾಯಿ ನೋಡಿರಲೇಬೇಕು.

ಹಾಗಾಗಿ ಹವಾಯಿಯಿಂದಲೇ ಶುರು ಮಾಡಿ. 6 ಎಪಿಸೋಡ್, ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಮೊದಲೆರಡು ಎಪಿಸೋಡ್ ನಿಧಾನ ಅನಿಸಿ ಕೈಬಿಡುವ ಹಾಗಿದ್ದರೆ ಮಾತ್ರ ಸಿಸಿಲಿಗೆ ಹಾರಿ. ಥಾಯ್ಲೆಂಡಿನಿಂದ ಶುರು ಮಾಡುವುದು ಬೇಡ. ಯಾವುದನ್ನು ನೋಡಿದರೂ ಅಪ್ಪ ಅಮ್ಮ, ಅತ್ತೆ ಮಾವ ಕೂತಿರುವ ಹಾಲ್‌ನಲ್ಲಿ ಮಾತ್ರ ಹಾಕಬೇಡಿ, ರಿಮೋಟ್ ಹುಡುಕುವಷ್ಟರಲ್ಲಿ ಮಾನ ಹೋಗಿರುತ್ತದೆ. ಮೊದಲೆರಡು ಸೀಸನ್‌ಗಳ ಟೈಟಲ್ ಮ್ಯೂಸಿಕ್ ಸ್ಕಿಪ್ ಮಾಡಬೇಡಿ, ಅದರ ಜೊತೆ ಬರುವ ಗೋಡೆಯ ಚಿತ್ರಗಳಲ್ಲಿ ಮುಂದಾಗುವುದರ ಸುಳಿವಿದೆ. ಮೂರನೆಯದರಲ್ಲಿ ಆ ಊಳಿಡುವ ರಾಗ ತೆಗೆದುಬಿಟ್ಟಿದ್ದಾರೆ, ಸ್ಕಿಪ್ ಒತ್ತಿದರೂ ನಡೆಯುತ್ತದೆ.