ಸಣ್ಣಕಥೆ ಶುರು ಎಲ್ಲಿಂದ: ಪಾತ್ರ, ಜಾಗ, ವಿಷಯ?

ಮುಂಬಯಿಯ ಮಾಟುಂಗದ ಗೆಳತಿಯೊಬ್ಬರು ಕೇಳಿದ್ದಾರೆ: ಮೊದಲ ಕಥೆ ಬರೆಯಲು ಕೂತಾಗ ಈ ಮೂರರಲ್ಲಿ ಯಾವುದನ್ನು ಹಿಡಿಯಲಿ?

ಶುರು ಮಾಡಲು ಸುಲಭ ಅಂದರೆ ಜಾಗ. ದಾದರ್ ಸ್ಟೇಷನ್ನಿನ ಸೇತುವೆ, ಚಾಳಿನ (ಸಾಲು ಕೋಣೆಗಳ ವಠಾರದ) ಉದ್ದ ವರಾಂಡ ಕಣ್ಣ ಮುಂದೆಯೇ ಇರುತ್ತವೆ. ಆದರೆ ಸುಮ್ನೆ ವರ್ಣನೆಯಲ್ಲೇ ಎರಡು ಪುಟ ಮುಗಿದಿರುತ್ತದೆ, ಯಾರಿಗೂ ಏನೂ ಆಗಿರುವುದಿಲ್ಲ.

ಪಾತ್ರ ಕೈಗೆ ಸಿಗುವುದು ನಿಧಾನ. ಆದರೆ ಓದಿದವರ ಮನಸ್ಸಿನಲ್ಲಿ ಜಾಸ್ತಿ ದಿನ ಉಳಿಯುವುದು ಅದೇ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತ ಯಜಮಾನರನ್ನು ನೆನೆಸಿಕೊಳ್ಳಿ. ಊರಿಂದ ಬಂದ ಹುಡುಗನ ಮೊದಲ ಸಂಬಳ ಎಣಿಸುತ್ತಾರೆ. ಒಂದು ನೋಟು ವಾಪಸ್ ತೆಗೆಯುತ್ತಾರೆ. ಹುಡುಗನ ಮುಖ ನೋಡಿ ಮತ್ತೆ ಇಡುತ್ತಾರೆ. ಅವರ ಜಿಪುಣತನ, ನಾಚಿಕೆ ಎರಡೂ ಆ ಕೈಯಲ್ಲೇ ಕಾಣುತ್ತದೆ. ‘ಮನಸ್ಸು ಒಳ್ಳೆಯದು’ ಅಂತ ಬೇರೆ ಬರೆಯಬೇಕಿಲ್ಲ. ಸಣ್ಣಕಥೆಯಲ್ಲಿ ಒಬ್ಬರ ಇಡೀ ಬದುಕು ಬೇಡ. ಒಂದು ಆಸೆ, ಅದಕ್ಕೊಂದು ಅಡ್ಡಿ ಸಾಕು.

ವಿಷಯದಿಂದ ಶುರು ಮಾಡಿದರೆ ಅಪಾಯ ಹೆಚ್ಚು. ‘ವಲಸೆಯ ನೋವು’ ಅಂತ ಮೊದಲೇ ಬರೆದುಕೊಂಡರೆ ಪಾತ್ರಗಳು ಭಾಷಣಕ್ಕೆ ಇಳಿಯುತ್ತವೆ. ತಿದ್ದುವಾಗ ಮಾತ್ರ ಅದು ತುಂಬ ಉಪಯೋಗಕ್ಕೆ ಬರುತ್ತದೆ. ಯಾವ ಸಾಲು ಹೊಡೆದುಹಾಕಬೇಕೆಂದು ತಿಳಿಯುತ್ತದೆ.

ಪುಟದ ಮಿತಿ ಇದ್ದರೆ, ಹೊಸಬರಾದರೆ, ನಾನು ಪಾತ್ರವನ್ನೇ ಹೇಳುತ್ತೇನೆ. ಬಿಟ್ಟು ಬಂದ ಊರು ಕಾಡುತ್ತಿದ್ದರೆ ಜಾಗವೇ ಸರಿ. ಕಥೆಗಾರ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡೇ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಕಥೆಗೆ ತಂದರಲ್ವಾ? ವಿಷಯವೇ ನಿದ್ದೆಗೆಡಿಸುತ್ತಿದ್ದರೆ, ಅದನ್ನು ಅನುಭವಿಸುವ ಒಬ್ಬ ಮನುಷ್ಯ ಸಿಗುವವರೆಗೆ ಕಾಯಿರಿ.